ಮಾದರಿ ರಾಕೆಟ್ ಸರಿಯಾಗಿ ಹಾರದಿದ್ದಾಗ: ದೋಷ ಪತ್ತೆ ಮತ್ತು ನಿವಾರಣೆ

ಉದ್ಯಾನದ ಬಯಲಿನಲ್ಲಿ ಹಾರಿಸುವ ಸಣ್ಣ ಮಾದರಿ ರಾಕೆಟ್‌ನ ಮೋಟಾರ್ ಉರಿಯುವುದು ಹೆಚ್ಚೆಂದರೆ ಎರಡು ಸೆಕೆಂಡ್. ಇಡೀ ಹಾರಾಟ ಬಹುತೇಕ ಅರ್ಧ ನಿಮಿಷದೊಳಗೆ ಮುಗಿದುಹೋಗುತ್ತದೆ. ಇಷ್ಟು ಬೇಗ ಮುಗಿಯುವ ಘಟನೆಯನ್ನು ಬರೀ ನೆನಪಿನಿಂದ ವಿಶ್ಲೇಷಿಸಲು ಹೊರಟವರು ಸಾಮಾನ್ಯವಾಗಿ ಮೋಟಾರನ್ನು ದೂರುತ್ತಾರೆ, ಹೊಸದೊಂದನ್ನು ತುರುಕಿ ಮತ್ತೆ ಹಾರಿಸುತ್ತಾರೆ, ಅದೇ ದೋಷವನ್ನು ಮತ್ತೆ ಕಾಣುತ್ತಾರೆ. ಮೋಟಾರ್ ನಿಜವಾಗಿ ಕೆಟ್ಟಿರುವ ಸಂದರ್ಭಗಳು ಕಡಿಮೆ. ದೋಷ ಕಣ್ಣಿಗೆ ಬೀಳುವ ಹಂತ ಒಂದಾದರೆ ಅದು ಹುಟ್ಟಿದ ಹಂತ ಅನೇಕ ವೇಳೆ ಅದಕ್ಕಿಂತ ಹಿಂದಿನದು ಎಂಬುದನ್ನು ಮೊದಲು ಒಪ್ಪಿಕೊಂಡರೆ ಪತ್ತೆಯ ಕೆಲಸ ಅರ್ಧ ಹಗುರವಾಗುತ್ತದೆ. ಉದಾಹರಣೆಗೆ, ನೆಲಕ್ಕೆ ಬೀಳುವ ಕ್ಷಣದಲ್ಲಷ್ಟೇ ಪ್ಯಾರಾಚೂಟ್ ಹೊರಬಂದ ರಾಕೆಟ್‌ನಲ್ಲಿ ಪ್ಯಾರಾಚೂಟ್‌ಗೆ ಏನೂ ಆಗಿರದೆ, ಏರುವ ಮೊದಲ ಕ್ಷಣದಲ್ಲಿ ದಾರಿ ಹಿಡಿದಿಡುವ ಉಡಾವಣಾ ಸಲಾಕೆಯನ್ನು ಅದು ತೀರಾ ನಿಧಾನವಾಗಿ ಬಿಟ್ಟು, ಗಾಳಿಗೆ ಬಾಗಿ, ಮೇಲೇರಬೇಕಾದ ಎತ್ತರಕ್ಕೆ ಏರದೆ ಹೋದದ್ದೇ ಕಾರಣವಾಗಿರಬಹುದು.

ಆದ್ದರಿಂದ ಪ್ರತಿ ಉಡಾವಣೆಯನ್ನೂ ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳುವುದು, ಮೋಟಾರಿನ ಸಂಕೇತ, ಗಾಳಿಯ ದಿಕ್ಕು, ರಾಕೆಟ್‌ನ ತೂಕ ಇವನ್ನು ಒಂದು ಪುಸ್ತಕದಲ್ಲಿ ಗುರುತು ಹಾಕುವುದು, ಬಿದ್ದ ರಾಕೆಟನ್ನು ಎತ್ತಿಕೊಳ್ಳುವ ಮೊದಲು ಅದು ಬಿದ್ದಿರುವ ಸ್ಥಿತಿಯನ್ನು ನೋಡುವುದು, ಉರಿದ ಮೋಟಾರಿನ ಖೋಲನ್ನು ಎಸೆಯದೆ ಇಟ್ಟುಕೊಳ್ಳುವುದು ಈ ಅಭ್ಯಾಸಗಳು ಅಗತ್ಯ. ಸಾಕ್ಷ್ಯವೆಲ್ಲ ಅಲ್ಲಿಯೇ ಇರುತ್ತದೆ. ಒಂದು ಹಾರಾಟಕ್ಕೂ ಇನ್ನೊಂದಕ್ಕೂ ನಡುವೆ ಒಂದೇ ಒಂದು ಬದಲಾವಣೆ ಮಾಡಬೇಕು. ಎರಡು ಮಾಡಿದರೆ ಯಾವುದು ಗುಣ ಕೊಟ್ಟಿತೆಂದು ತಿಳಿಯುವುದಿಲ್ಲ.

ಮೋಟಾರಿನ ರಚನೆ ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಹೆಚ್ಚು ಬಳಕೆಯಲ್ಲಿರುವುದು 18 ಮಿಮೀ ವ್ಯಾಸದ, 70 ಮಿಮೀ ಉದ್ದದ ಕಾಗದದ ಕೊಳವೆ. ಕೆಳತುದಿಯಲ್ಲಿ ಜೇಡಿಮಣ್ಣಿನ ನಾಜಲ್ (ಅನಿಲ ಹೊರಬರುವ ಕಿರು ಬಾಯಿ), ಅದರ ಮೇಲೆ ಬಿಗಿಯಾಗಿ ಒತ್ತಿ ತುಂಬಿದ ಕಪ್ಪು ಮದ್ದು, ಅದಾದ ಮೇಲೆ ನಿಧಾನವಾಗಿ ಉರಿದು ಹೊಗೆ ಬಿಡುವ ವಿಳಂಬದ ಮದ್ದು, ಎಲ್ಲಕ್ಕಿಂತ ಮೇಲೆ ಪ್ಯಾರಾಚೂಟನ್ನು ಹೊರದೂಡುವ ಎಜೆಕ್ಷನ್ ಮದ್ದು ಮತ್ತು ಅದನ್ನು ಮುಚ್ಚಿದ ತೆಳುವಾದ ಮಣ್ಣಿನ ಬಿರಡೆ ಇರುತ್ತವೆ. ಖೋಲಿನ ಮೇಲೆ ಮುದ್ರಿಸಿದ ಬಿ6-4 ಎಂಬಂಥ ಸಂಕೇತದಲ್ಲಿ ಅಕ್ಷರವು ಒಟ್ಟು ನೂಕಿನ ವರ್ಗವನ್ನು ಹೇಳುತ್ತದೆ: ಎ ಎಂದರೆ 1.26ರಿಂದ 2.50 ನ್ಯೂಟನ್-ಸೆಕೆಂಡ್, ಬಿ ಎಂದರೆ 5.00ರವರೆಗೆ, ಸಿ ಎಂದರೆ 10.00ರವರೆಗೆ. ಮೊದಲ ಅಂಕಿ ಸರಾಸರಿ ನೂಕುಬಲ, ನ್ಯೂಟನ್‌ಗಳಲ್ಲಿ. ಕೊನೆಯ ಅಂಕಿ ನೂಕುವಿಕೆ ನಿಂತ ಮೇಲೆ ಎಜೆಕ್ಷನ್ ಆಗುವವರೆಗಿನ ಸೆಕೆಂಡುಗಳು. ಕೊನೆಯಲ್ಲಿ ಸೊನ್ನೆ ಇದ್ದರೆ ಅದು ಬಹುಹಂತದ ರಾಕೆಟ್‌ನ ಕೆಳಹಂತಕ್ಕೆ ಮೀಸಲಾದ ಮೋಟಾರ್; ವಿಳಂಬವೂ ಇಲ್ಲ, ಎಜೆಕ್ಷನ್ ಮದ್ದೂ ಇಲ್ಲ. ಅದನ್ನು ಒಂಟಿ ಹಂತದ ರಾಕೆಟ್‌ಗೆ ಹಾಕಿ ಪ್ಯಾರಾಚೂಟ್ ಏಕೆ ಬಿಚ್ಚಿಕೊಳ್ಳಲಿಲ್ಲವೆಂದು ಹುಡುಕುವ ಮೊದಲು ಸಂಕೇತವನ್ನೊಮ್ಮೆ ಓದಬೇಕು.

ಗುಂಡಿ ಒತ್ತಿದರೂ ಹೊತ್ತಿಕೊಳ್ಳದಿದ್ದಾಗ

ಮೊದಲ ಕೆಲಸ ತಪಾಸಣೆಯಲ್ಲ. ಸುರಕ್ಷತಾ ಕೀಲಿಯನ್ನು ನಿಯಂತ್ರಕದಿಂದ (ಗುಂಡಿ, ದೀಪ, ಬ್ಯಾಟರಿ ಇರುವ ಪೆಟ್ಟಿಗೆಯಿಂದ) ತೆಗೆದು ಜೇಬಿಗೆ ಹಾಕಿಕೊಂಡು, ಪೂರ್ತಿ 60 ಸೆಕೆಂಡ್ ಕಾದು, ಆಮೇಲಷ್ಟೇ ಉಡಾವಣಾ ಪೀಠದ ಹತ್ತಿರ ಹೋಗಬೇಕು. ಅಮೆರಿಕದ ರಾಷ್ಟ್ರೀಯ ರಾಕೆಟ್ರಿ ಸಂಘದ ಸುರಕ್ಷತಾ ಸಂಹಿತೆಯಲ್ಲಿರುವ ಈ ನಿಯಮವನ್ನು ಎಲ್ಲಿ ಹಾರಿಸುವವರೂ ಪಾಲಿಸುವುದು ಒಳ್ಳೆಯದು. ನಾಜಲ್‌ನೊಳಗೆ ಏನಾದರೂ ಕಣ್ಣಿಗೆ ಕಾಣದಂತೆ ಕನಲುತ್ತಿದ್ದರೆ ಆ ಒಂದು ನಿಮಿಷದಲ್ಲಿ ಅದು ಹೊತ್ತಬೇಕು ಇಲ್ಲವೇ ಆರಬೇಕು. ಸುತ್ತ ಮಕ್ಕಳಿದ್ದಾಗ ಕೀಲಿ ಯಾರ ಕೈಯಲ್ಲಿದೆ ಎಂಬುದರಲ್ಲಿ ಸಂದೇಹಕ್ಕೆ ಎಡೆಯೇ ಇರಬಾರದು.

ನಂತರ ಇಗ್ನೈಟರನ್ನು, ಅಂದರೆ ವಿದ್ಯುತ್ತಿನಿಂದ ಕಾದು ಮೋಟಾರನ್ನು ಹೊತ್ತಿಸುವ ತಂತಿಯನ್ನು, ಹೊರತೆಗೆದು ನೋಡಬೇಕು. ಅದರ ತುದಿಯ ಮದ್ದು ಉರಿದು ಕಪ್ಪಾಗಿದ್ದು ಮೋಟಾರ್ ಮಾತ್ರ ಹೊತ್ತಿರದಿದ್ದರೆ ವಿದ್ಯುತ್ ಮಂಡಲ ತನ್ನ ಕೆಲಸ ಮಾಡಿದೆ ಎಂದರ್ಥ. ಇಗ್ನೈಟರ್‌ನ ತುದಿ ಮದ್ದಿಗೆ ತಾಗಿರಲಿಲ್ಲ. ನಾಜಲ್‌ನ ತೂತಿನಲ್ಲಿ ಅರ್ಧಕ್ಕೆ ನಿಂತಿತ್ತು, ಅಥವಾ ವಿದ್ಯುತ್ ತರುವ ಕ್ಲಿಪ್‌ಗಳ ಭಾರಕ್ಕೆ ಕೆಳಗೆ ಜಾರಿತ್ತು. ಮುಂದಿನ ಬಾರಿ ತುದಿ ಮದ್ದಿಗೆ ತಾಗುವವರೆಗೆ ಒಳಗೆ ಸೇರಿಸಿ, ಅದಕ್ಕೆಂದೇ ಕೊಟ್ಟ ಪ್ಲಾಸ್ಟಿಕ್ ಬಿರಡೆಯನ್ನು ಒತ್ತಿ ಕೂರಿಸಿ, ಕ್ಲಿಪ್‌ಗಳ ತಂತಿಯನ್ನು ಪೀಠದ ಕಾಲಿಗೆ ಒಂದು ಸುತ್ತು ಹಾಕಿದರೆ ಭಾರ ಇಗ್ನೈಟರ್ ಮೇಲೆ ಬೀಳುವುದಿಲ್ಲ. ಹೊತ್ತದ ಮೋಟಾರ್‌ಗಳಲ್ಲಿ ನಾನು ಮೊದಲು ಅನುಮಾನಿಸುವುದು ಈ ಜಾರುವಿಕೆಯನ್ನೇ.

ಇಗ್ನೈಟರ್ ಉರಿದೇ ಇಲ್ಲವಾದರೆ ನಿಯಂತ್ರಕದ ದೀಪ ಏನು ಹೇಳಿತ್ತೆಂಬುದನ್ನು ನೆನಪಿಸಿಕೊಳ್ಳಬೇಕು. ಕೀಲಿ ಹಾಕಿದಾಗ ದೀಪವೇ ಬೆಳಗಿರಲಿಲ್ಲವಾದರೆ ಮಂಡಲ ಎಲ್ಲೋ ತುಂಡಾಗಿದೆ: ಬ್ಯಾಟರಿ ತಿರುವುಮುರುವಾಗಿದೆ, ಕೀಲಿ ಪೂರ್ತಿ ಕೂತಿಲ್ಲ, ಕ್ಲಿಪ್‌ನ ಹಲ್ಲುಗಳ ಮೇಲೆ ಹಿಂದಿನ ಉಡಾವಣೆಗಳ ಮಸಿ ಗಟ್ಟಿಯಾಗಿ ಕೂತಿದೆ, ಅಥವಾ ಇಗ್ನೈಟರ್‌ನ ತುದಿಯ ಕೂದಲೆಳೆಯಂಥ ತಂತಿ ಬಾಗಿಸುವಾಗ ಮುರಿದಿದೆ. ಕ್ಲಿಪ್‌ಗಳನ್ನು ಮರಳು ಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡುವುದೇ ಇವುಗಳಲ್ಲಿ ಬಹಳಷ್ಟಕ್ಕೆ ಪರಿಹಾರ. ಮಲ್ಟಿಮೀಟರ್‌ನಿಂದ ಇಗ್ನೈಟರ್ ಪರೀಕ್ಷಿಸುವುದಾದರೆ ಅದು ಮೋಟಾರಿನ ಹೊರಗಿರುವಾಗಲೇ ಪರೀಕ್ಷಿಸಬೇಕು.

ದೀಪ ಬೆಳಗಿಯೂ ಇಗ್ನೈಟರ್ ಉರಿಯದಿರುವುದೇ ಹೆಚ್ಚು ಜನರನ್ನು ದಾರಿ ತಪ್ಪಿಸುವ ಸ್ಥಿತಿ. ದೀಪ ಬೆಳಗಲು ಅತ್ಯಲ್ಪ ವಿದ್ಯುತ್ ಸಾಕು; ಇಗ್ನೈಟರ್‌ನ ತಂತಿ ಕೆಂಪಗೆ ಕಾಯಲು ಅದರ ಹಲವು ಪಟ್ಟು ಹೆಚ್ಚು ಬೇಕು. ಅರೆ ಖಾಲಿಯಾದ ಬ್ಯಾಟರಿ ಭಾರವಿಲ್ಲದಾಗ ಸರಿಯಾದ ವೋಲ್ಟೇಜನ್ನೇ ತೋರಿಸುತ್ತದೆ, ಗುಂಡಿ ಒತ್ತಿದೊಡನೆ ಕುಸಿಯುತ್ತದೆ. ಆದ್ದರಿಂದ ದೀಪವನ್ನು ಮಂಡಲ ಜೋಡಣೆಯಾಗಿದೆ ಎಂಬುದಕ್ಕಷ್ಟೇ ಸಾಕ್ಷಿಯೆಂದು ನಂಬಬೇಕು, ಬ್ಯಾಟರಿಯ ಶಕ್ತಿಗೆ ಸಾಕ್ಷಿಯೆಂದಲ್ಲ. ಹೊಸ ಆಲ್ಕಲೈನ್ ಬ್ಯಾಟರಿಗಳನ್ನು ಹಾಕಿ ನೋಡಬೇಕು. ಆಗಲೂ ಹೊತ್ತದಿದ್ದರೆ ಎರಡು ಕ್ಲಿಪ್‌ಗಳು ಒಂದಕ್ಕೊಂದು ತಾಗಿವೆಯೇ, ಇಗ್ನೈಟರ್‌ನ ಎರಡು ಕಾಲುಗಳು ಬಿರಡೆಯ ಬಳಿ ಒಂದರ ಮೇಲೊಂದು ಹೊರಳಿವೆಯೇ, ಎರಡೂ ಕ್ಲಿಪ್‌ಗಳು ಜ್ವಾಲೆ ತಡೆಯುವ ಲೋಹದ ತಟ್ಟೆಗೆ ಒರಗಿವೆಯೇ ಎಂದು ಪರೀಕ್ಷಿಸಬೇಕು. ಹಾಗಿದ್ದರೆ ವಿದ್ಯುತ್ತು ಇಗ್ನೈಟರನ್ನು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ, ದೀಪ ಮಾತ್ರ ಎಂದಿನಂತೆ ಬೆಳಗುತ್ತದೆ.

ಸಲಾಕೆ ಬಿಟ್ಟ ಮೇಲೆ ದಾರಿ ತಪ್ಪಿದಾಗ

ಈ ಹಂತದ ದೋಷಗಳನ್ನೆಲ್ಲ ಜನ ಒಟ್ಟಾರೆ ‘ವಾಲಿತು’ ಎಂದುಬಿಡುತ್ತಾರೆ. ಆದರೆ ವಾಲುವುದರಲ್ಲಿ ಬೇರೆ ಬೇರೆ ಬಗೆಗಳಿದ್ದು ಅವುಗಳ ಪರಿಹಾರಗಳು ಒಂದಕ್ಕೊಂದು ವಿರುದ್ಧವಾಗಿರುವುದರಿಂದ, ಚಿತ್ರೀಕರಣವನ್ನು ನಿಧಾನಗತಿಯಲ್ಲಿ ನೋಡಿ ಬಗೆಯನ್ನು ಖಚಿತಪಡಿಸಿಕೊಳ್ಳದೆ ಯಾವುದಕ್ಕೂ ಕೈ ಹಾಕಬಾರದು.

ರಾಕೆಟ್ ಸುರಳೀತವಾದ ಬಿಲ್ಲಿನಂತೆ ಬಾಗಿ, ಗಾಳಿ ಬೀಸಿ ಬರುವ ದಿಕ್ಕಿಗೆ ಮೂತಿ ಮಾಡಿ ಹೋಯಿತೆಂದರೆ ಅದು ಸ್ಥಿರವಾಗಿಯೇ ಇದೆ. ಹೇಳಬೇಕೆಂದರೆ ಅತಿಯಾಗಿ ಸ್ಥಿರವಾಗಿದೆ, ಅಥವಾ ಸಲಾಕೆ ಬಿಡುವಾಗ ಅದರ ವೇಗ ಸಾಲದಾಗಿದೆ. ರಾಕೆಟ್‌ಗೆ ತಾಗುವ ಗಾಳಿಯು ಅದರ ಸ್ವಂತ ವೇಗದಿಂದ ಎದುರಾಗುವ ಗಾಳಿ ಮತ್ತು ಅಡ್ಡ ಬೀಸುವ ಗಾಳಿ ಎರಡೂ ಕೂಡಿದ್ದು. ರೆಕ್ಕೆಗಳು ಮೂತಿಯನ್ನು ಆ ಕೂಡಿದ ದಿಕ್ಕಿಗೆ ತಿರುಗಿಸುತ್ತವೆ. ಒಂದು ಲೆಕ್ಕ ಹಾಕಿ ನೋಡೋಣ. 100 ಗ್ರಾಂ ತೂಕದ ರಾಕೆಟ್ ಮೇಲೆ ಸಲಾಕೆಯ 80 ಸೆಂ.ಮೀ. ಉದ್ದಕ್ಕೂ ಸರಾಸರಿ 10 ನ್ಯೂಟನ್ ನೂಕುಬಲ ಬಿದ್ದರೆ ಅದು ಸೆಕೆಂಡಿಗೆ ಸುಮಾರು 12 ಮೀಟರ್ ವೇಗದಲ್ಲಿ ಸಲಾಕೆ ಬಿಡುತ್ತದೆ. ಸೆಕೆಂಡಿಗೆ 4 ಮೀಟರ್ ಅಡ್ಡಗಾಳಿ ಇದ್ದಾಗ ಕೂಡಿದ ಗಾಳಿಯ ಕೋನ 18 ಡಿಗ್ರಿ. ಅದೇ ಮೋಟಾರಿನಲ್ಲಿ ತೂಕ 200 ಗ್ರಾಂ ಆದರೆ ವೇಗ 8 ಮೀಟರ್‌ಗೆ ಇಳಿಯುತ್ತದೆ, ಕೋನ 27 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಹೀಗಾಗಿ ಪರಿಹಾರಗಳು ಮೂರು: ಸರಾಸರಿ ನೂಕುಬಲ ಹೆಚ್ಚಿರುವ ಮೋಟಾರ್, ಇನ್ನೂ ಉದ್ದದ ಸಲಾಕೆ, ಅಥವಾ ಗಾಳಿ ತಗ್ಗುವವರೆಗೆ ಕಾಯುವ ತಾಳ್ಮೆ. ನೂಕುಬಲವು ರಾಕೆಟ್‌ನ ತೂಕಕ್ಕಿಂತ ಕನಿಷ್ಠ ಐದು ಪಟ್ಟು ಇರಬೇಕೆಂಬುದು ಎಲ್ಲರೂ ಬಳಸುವ ಅಳತೆ. ಗಾಳಿ ಗಂಟೆಗೆ 32 ಕಿ.ಮೀ. ಮೀರಿದ ದಿನ ಹಾರಿಸುವ ಮಾತೇ ಇಲ್ಲ. ಇಂಥ ರಾಕೆಟ್‌ನ ಮೂತಿಗೆ ‘ಸ್ಥಿರತೆ ಬರಲಿ’ ಎಂದು ತೂಕ ಸೇರಿಸಿದರೆ ವೇಗ ಇನ್ನೂ ತಗ್ಗಿ ಬಾಗುವಿಕೆ ಹೆಚ್ಚುತ್ತದೆ.

ರಾಕೆಟ್ ಯಾವ ದಿಕ್ಕೆಂಬುದಿಲ್ಲದೆ ಪಲ್ಟಿ ಹೊಡೆದು, ಹೊಗೆಯ ಗಂಟು ಹಾಕಿ, ಪೀಠದ ಸುತ್ತಮುತ್ತಲೇ ಬಿದ್ದರೆ ಅದು ನಿಜವಾದ ಅಸ್ಥಿರತೆ, ಮತ್ತು ಉದ್ಯಾನದಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ಇಲ್ಲಿ ಮಾತ್ರ ಮೂತಿಗೆ ತೂಕ ಬೇಕು. ಗುರುತ್ವ ಕೇಂದ್ರವು ಒತ್ತಡ ಕೇಂದ್ರಕ್ಕಿಂತ (ಗಾಳಿಯ ಬಲವೆಲ್ಲ ಒಟ್ಟಾಗಿ ಬೀಳುವ ಬಿಂದುವಿಗಿಂತ) ಮೂತಿಯ ಕಡೆಗೆ ಕನಿಷ್ಠ ಒಂದು ವ್ಯಾಸದಷ್ಟು, ಅಂದರೆ 25 ಮಿಮೀ ದಪ್ಪದ ಕೊಳವೆಯಾದರೆ 25 ಮಿಮೀಯಷ್ಟು, ಮುಂದಿರಬೇಕು. ಗುರುತ್ವ ಕೇಂದ್ರವನ್ನು ಕಂಡುಕೊಳ್ಳುವುದು ಸುಲಭ: ಮೋಟಾರ್, ವ್ಯಾಡಿಂಗ್ (ಪ್ಯಾರಾಚೂಟ್ ಸುಡದಂತೆ ಅದರ ಕೆಳಗೆ ತುಂಬುವ ಪದರ), ಪ್ಯಾರಾಚೂಟ್ ಎಲ್ಲವನ್ನೂ ಹಾಕಿ ರಾಕೆಟನ್ನು ಒಂದು ಅಂಚಿನ ಮೇಲೆ ಅಡ್ಡಲಾಗಿ ತೂಗಿ ನಿಲ್ಲಿಸಿದರೆ ಸಾಕು. ಒತ್ತಡ ಕೇಂದ್ರಕ್ಕೆ ಜೇಮ್ಸ್ ಬ್ಯಾರೋಮನ್ 1960ರ ದಶಕದಲ್ಲಿ ಮಾದರಿ ರಾಕೆಟ್‌ಗಳಿಗೆಂದು ಸರಳಗೊಳಿಸಿದ ಸಮೀಕರಣಗಳಿವೆ; ಓಪನ್‌ರಾಕೆಟ್ ಎಂಬ ಉಚಿತ ತಂತ್ರಾಂಶಕ್ಕೆ ಅಳತೆಗಳನ್ನು ಕೊಟ್ಟರೆ ಅದೇ ಲೆಕ್ಕ ಹಾಕಿಕೊಡುತ್ತದೆ. ಆ ಸಮೀಕರಣಗಳು ಗಾಳಿ ತೀರಾ ಸಣ್ಣ ಕೋನದಲ್ಲಿ ತಾಗುತ್ತದೆಂದು ಊಹಿಸಿಕೊಂಡಿವೆ. ಸಣಕಲಾಗಿ ಉದ್ದವಿರುವ ರಾಕೆಟ್ ನಿಧಾನವಾಗಿ ಸಲಾಕೆ ಬಿಟ್ಟಾಗ ಕೋನ ದೊಡ್ಡದಾಗಿ, ಕೊಳವೆಯೇ ಗಾಳಿಗೆ ಎದುರಾಗಿ, ಒತ್ತಡ ಕೇಂದ್ರ ಮೂತಿಯತ್ತ ಸರಿಯುತ್ತದೆ. ಆದ್ದರಿಂದ ಲೆಕ್ಕದಲ್ಲಿ ಸ್ಥಿರವಾಗಿದ್ದದ್ದು ಪೀಠದ ಮೇಲೆ ಅಸ್ಥಿರವಾಗಬಲ್ಲದು.

ಲೆಕ್ಕ ಬೇಡವೆನ್ನುವವರಿಗೆ ದಾರದ ಪರೀಕ್ಷೆ ಇದೆ. ಹಾರಾಟಕ್ಕೆ ಸಿದ್ಧವಾದ ರಾಕೆಟ್‌ನ ಗುರುತ್ವ ಕೇಂದ್ರದ ಸುತ್ತ ದಾರ ಕಟ್ಟಿ, ಜಾರದಂತೆ ಟೇಪು ಅಂಟಿಸಿ, ಎರಡು ಮೂರು ಮೀಟರ್ ದಾರ ಬಿಟ್ಟು, ಸುತ್ತಲೂ ಯಾರೂ ಇಲ್ಲದ ಕಡೆ ತಲೆಯ ಮೇಲೆ ಗಿರಗಿರನೆ ತಿರುಗಿಸಬೇಕು. ಇಗ್ನೈಟರ್ ಇನ್ನೂ ಹಾಕಿರಬಾರದು. ಮೂತಿ ಮುಂದೆ ಮಾಡಿಕೊಂಡು ತಿರುಗಿದರೆ ಸ್ಥಿರ. ಪರೀಕ್ಷೆಯಲ್ಲಿ ಗೆದ್ದ ರಾಕೆಟನ್ನು ನಂಬಬಹುದು. ಸೋತದ್ದೆಲ್ಲ ಅಸ್ಥಿರವೆಂದು ಮಾತ್ರ ಹೇಳಲಾಗದು, ಏಕೆಂದರೆ ದಾರ ಗಿಡ್ಡವಾದಷ್ಟೂ ಪರೀಕ್ಷೆ ಕಠಿಣವಾಗುತ್ತದೆ.

ಇದುವರೆಗೆ ಚೆನ್ನಾಗಿ ಹಾರುತ್ತಿದ್ದ ರಾಕೆಟ್ ಇದ್ದಕ್ಕಿದ್ದಂತೆ ಪಲ್ಟಿ ಹೊಡೆದಿದ್ದರೆ ದೊಡ್ಡ ಮೋಟಾರ್ ಹಾಕಲಾಯಿತೇ ಎಂದು ಕೇಳಬೇಕು. ಎ8-3 ಮೋಟಾರಿನ ತೂಕ ಸುಮಾರು 16 ಗ್ರಾಂ, ಸಿ6-5ರದು ಸುಮಾರು 25 ಗ್ರಾಂ. ಈ ಹೆಚ್ಚಿನ ತೂಕವೆಲ್ಲ ಬಾಲದಲ್ಲಿ ಕೂರುವುದರಿಂದ ಗುರುತ್ವ ಕೇಂದ್ರ ಹಿಂದಕ್ಕೆ ಬರುತ್ತದೆ. ಮುರಿದ ರೆಕ್ಕೆಗೆ ಬಳಿದ ದಪ್ಪ ಅಂಟು, ಹಿಂಬದಿಯ ಮೇಲೆ ಮತ್ತೆ ಮತ್ತೆ ಹಚ್ಚಿದ ಬಣ್ಣ ಇವೂ ಅದನ್ನೇ ಮಾಡುತ್ತವೆ.

ದಾರಿ ನೇರವಾಗಿದ್ದು ರಾಕೆಟ್ ತನ್ನ ಅಕ್ಷದ ಸುತ್ತ ಬುಗುರಿಯಂತೆ ಸುತ್ತಿದರೆ ರೆಕ್ಕೆಗಳಲ್ಲಿ ಒಂದಾದರೂ ಸೊಟ್ಟಗಿದೆ. ಹಿಂದಿನಿಂದ ಒಂದೇ ಕಣ್ಣಿನಲ್ಲಿ ನೋಡಿದರೆ ಗೊತ್ತಾಗುತ್ತದೆ. ಸ್ವಲ್ಪ ಸುತ್ತಿದರೆ ಹಾನಿಯಿಲ್ಲ, ಎತ್ತರ ಸ್ವಲ್ಪ ತಗ್ಗುತ್ತದೆ, ಅಷ್ಟೆ.

ಇನ್ನೊಂದು ದೋಷವಿದೆ, ಅದು ತಾವೇ ವಿನ್ಯಾಸ ಮಾಡಿಕೊಂಡವರಲ್ಲಿ ಹೆಚ್ಚು. ಮೋಟಾರ್ ಸದ್ದು ಮಾಡುತ್ತದೆ, ಜ್ವಾಲೆ ಬರುತ್ತದೆ, ರಾಕೆಟ್ ಮಾತ್ರ ಮೇಲೇಳದೆ ತೆವಳುತ್ತದೆ; ಕೊಳವೆಯ ಹಿಂತುದಿ ಸುಟ್ಟಿರುತ್ತದೆ. ಮೋಟಾರ್‌ನ ಹಿಂತುದಿಯನ್ನು ಕೊಳವೆಯೊಳಗೆ ಕೊಳವೆಯ ವ್ಯಾಸಕ್ಕಿಂತ ಹೆಚ್ಚು ಆಳಕ್ಕೆ ಕೂರಿಸಿದಾಗ ಹೀಗಾಗುತ್ತದೆ: ಹೊರಬರುವ ಅನಿಲ ಸುತ್ತಲಿನ ಗಾಳಿಯನ್ನು ಸೆಳೆದು ಕೊಳವೆಯೊಳಗಿನ ಒತ್ತಡ ತಗ್ಗಿಸಿ ನೂಕುಬಲದ ಬಹುಪಾಲನ್ನು ತಿಂದುಹಾಕುತ್ತದೆ. ಕ್ರುಶ್ನಿಕ್ ಪರಿಣಾಮವೆಂದು ಇದನ್ನು ಕರೆಯುತ್ತಾರೆ. ಮೋಟಾರಿನ ಹಿಂತುದಿ ಕೊಳವೆಯ ಅಂಚಿನ ಸಮಕ್ಕೆ ಅಥವಾ ತುಸು ಹೊರಗೆ ಬರುವಂತೆ ಮಾಡಿದರೆ ದೋಷ ಹೋಗುತ್ತದೆ. ಸಲಾಕೆಯ ಮೇಲೆಯೇ ತಡವರಿಸುವುದಾದರೆ ಕಾರಣ ಇನ್ನೂ ಸರಳ: ಮಸಿ ಹಿಡಿದ ಸಲಾಕೆಯನ್ನು ಒರೆಸಬೇಕು, ಸಲಾಕೆ ತೂರುವ ಸಣ್ಣ ನಳಿಕೆಯಾದ ಲಾಂಚ್ ಲಗ್‌ನೊಳಗೆ ಅಂಟು ಅಥವಾ ಬಣ್ಣ ಗಟ್ಟಿಯಾಗಿದ್ದರೆ ಕೆರೆದು ತೆಗೆಯಬೇಕು.

ಪ್ಯಾರಾಚೂಟ್ ಬಿಚ್ಚಿಕೊಳ್ಳದಿದ್ದಾಗ

ಬಿದ್ದ ರಾಕೆಟ್ ಇಲ್ಲಿ ಎಲ್ಲವನ್ನೂ ಹೇಳುತ್ತದೆ, ಓದಿಕೊಳ್ಳುವ ವ್ಯವಧಾನವಿದ್ದರೆ. ಮೋಟಾರ್ ಇನ್ನೂ ಒಳಗಿದೆಯೇ ಎಂಬುದು ಮೊದಲ ಪ್ರಶ್ನೆ. ಮೋಟಾರ್ ಕಾಣೆಯಾಗಿ ಪ್ಯಾರಾಚೂಟ್ ಒಳಗೇ ಉಳಿದಿದ್ದರೆ ಎಜೆಕ್ಷನ್ ಮದ್ದು ಮೂತಿಯನ್ನು ಮುಂದಕ್ಕೆ ತಳ್ಳುವ ಬದಲು ಮೋಟಾರನ್ನು ಹಿಂದಕ್ಕೆ ಉಗುಳಿದೆ. ಹಿಡಿದಿಡುವ ಲೋಹದ ಕೊಕ್ಕೆ ಬಾಗಿರಬಹುದು. ಕೊಕ್ಕೆಯಿಲ್ಲದ ರಾಕೆಟ್‌ನಲ್ಲಿ ಮೋಟಾರಿಗೆ ಸುತ್ತಿದ ಮಾಸ್ಕಿಂಗ್ ಟೇಪು ಸಾಲದಾಗಿರಬಹುದು. ಎಳೆದರೆ ಬಲ ಹಾಕಿಯೇ ಎಳೆಯಬೇಕಾದಷ್ಟು ಬಿಗಿ ಇರಬೇಕು.

ಮೋಟಾರ್ ಇದ್ದು ಮೂತಿಯೂ ಕದಲದಿದ್ದರೆ ಖೋಲನ್ನು ತೆಗೆದು ಮುಂತುದಿ ನೋಡಬೇಕು. ಮಣ್ಣಿನ ಬಿರಡೆ ಹಾರಿ ಒಳಗೆ ಟೊಳ್ಳಾಗಿ ಕಪ್ಪಾಗಿದ್ದರೆ ಮದ್ದು ಸಿಡಿದಿದೆ, ಒತ್ತಡ ಎಲ್ಲಿಯೋ ಸೋರಿದೆ ಅಥವಾ ಸಾಕಾಗಿಲ್ಲ. ಮೂತಿ ಅತಿ ಬಿಗಿಯಾಗಿದ್ದರೆ ಅದರ ಕತ್ತನ್ನು ಮರಳು ಕಾಗದದಿಂದ ಉಜ್ಜಬೇಕು; ಮೂತಿ ಹಿಡಿದು ರಾಕೆಟನ್ನೆತ್ತಿದಾಗ ಕಳಚಿ ಬೀಳದಷ್ಟು, ಆದರೆ ಮೆಲ್ಲನೆ ಎಳೆದರೆ ಸಲೀಸಾಗಿ ಬರುವಷ್ಟು ಹಿಡಿತ ಸರಿ. ತೇವದ ದಿನಗಳಲ್ಲಿ ಕಾಗದದ ಕೊಳವೆ ಉಬ್ಬಿ ಈ ಹಿಡಿತ ಬದಲಾಗುವುದರಿಂದ ಬಯಲಿನಲ್ಲಿ ಮತ್ತೊಮ್ಮೆ ನೋಡಿಕೊಳ್ಳಬೇಕು. ಮೋಟಾರ್ ಕೂರುವ ಒಳಗೊಳವೆಯ ಉಂಗುರದ ಅಂಟು ಬಿಟ್ಟಿದ್ದರೆ ಅದರ ಹಿಂದೆ, ಸಾಮಾನ್ಯವಾಗಿ ಮಸಿ ಹೋಗದ ಜಾಗದಲ್ಲಿ, ಮಸಿ ಕಾಣುತ್ತದೆ. ಅಲ್ಲಿಂದಲೇ ಅನಿಲ ಸೋರಿದೆ. ಬಿರಡೆ ಹಾಗೆಯೇ ಇದ್ದರೆ ಮದ್ದು ಸಿಡಿದೇ ಇಲ್ಲ. ಹಾರಾಟ ಮುಗಿದ ಮೇಲೆಯೂ ಅದು ಜೀವಂತ ಮದ್ದೆಂದೇ ತಿಳಿದು, ಕೆಲ ನಿಮಿಷ ದೂರವಿದ್ದು, ಆಮೇಲೆ ನೀರಿಗೆ ಹಾಕಬೇಕು.

ಮೂತಿ ಹಾರಿ, ಪ್ಯಾರಾಚೂಟ್ ಹೊರಬಂದು, ಅರಳದೆ ಉಂಡೆಯಾಗಿಯೇ ಬಿದ್ದಿದ್ದರೆ ಹಾಳೆಯನ್ನು ಬಿಡಿಸಿ ನೋಡಬೇಕು. ಕರಗಿ ಅಂಟಿಕೊಂಡ ಕಲೆಗಳಿದ್ದರೆ ವ್ಯಾಡಿಂಗ್ ಸಾಲದು. ಕೊಳವೆಯ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಆಳದಷ್ಟು, ಒತ್ತದೆ, ಸಡಿಲವಾಗಿ ಆದರೆ ಅಂಚುಗಳಲ್ಲಿ ಸಂದು ಬಿಡದೆ ತುಂಬಬೇಕು. ಸಾಮಾನ್ಯ ಕಾಗದದ ಕರವಸ್ತ್ರವನ್ನು ಇದಕ್ಕೆ ಬಳಸಲೇಬಾರದು. ಬೆಂಕಿ ಹಿಡಿಯದಂತೆ ಸಂಸ್ಕರಿಸಿದ ವ್ಯಾಡಿಂಗ್ ಅಲ್ಲದಿದ್ದರೆ ಅದು ಕನಲುತ್ತಲೇ ಒಣ ಹುಲ್ಲಿನ ಮೇಲೆ ಬೀಳುತ್ತದೆ. ಕಲೆಗಳಿಲ್ಲದೆ ಮಡಿಕೆಗಳು ಮಾತ್ರ ಗಟ್ಟಿಯಾಗಿದ್ದರೆ ಹಿಂದಿನ ದಿನವೇ ಮಡಿಸಿಟ್ಟದ್ದು ಕಾರಣ. ಚಳಿಯಲ್ಲಿ ಪ್ಲಾಸ್ಟಿಕ್ ಹಾಳೆ ಇನ್ನಷ್ಟು ಬಿರುಸಾಗುತ್ತದೆ. ಉಡಾವಣೆಗೆ ಸ್ವಲ್ಪ ಮೊದಲು ಹೊಸದಾಗಿ ಮಡಿಸಿ, ಟಾಲ್ಕಂ ಪುಡಿ ಸವರಿದರೆ ಹಾಳೆಯ ಪದರಗಳು ಒಂದಕ್ಕೊಂದು ಅಂಟುವುದಿಲ್ಲ.

ಮೂತಿಯನ್ನು ಕೊಳವೆಗೆ ಕಟ್ಟಿರುವ ಶಾಕ್ ಕಾರ್ಡ್ ತುಂಡಾಗಿದ್ದರೆ ತುದಿಯನ್ನು ನೋಡಬೇಕು. ಕರಕಲಾಗಿದ್ದರೆ ಬೆಂಕಿಯ ಕೆಲಸ, ವ್ಯಾಡಿಂಗ್ ಸರಿಪಡಿಸಬೇಕು. ಎಳೆಗಳು ಬಿಳುಪಾಗಿ ಹರಿದಿದ್ದರೆ, ಅಥವಾ ಕಾರ್ಡ್ ಕೊಳವೆಯ ಬಾಯನ್ನು ಉದ್ದಕ್ಕೆ ಸೀಳಿದ್ದರೆ, ರಾಕೆಟ್ ಅತಿ ವೇಗದಲ್ಲಿದ್ದಾಗ ಎಜೆಕ್ಷನ್ ಆಗಿದೆ. ತುತ್ತತುದಿಯಿಂದ ಎರಡು ಸೆಕೆಂಡ್ ತಡವಾದರೂ ರಾಕೆಟ್ ಸೆಕೆಂಡಿಗೆ ಸುಮಾರು 20 ಮೀಟರ್ ವೇಗ ಗಳಿಸಿರುತ್ತದೆ, ಎರಡು ಸೆಕೆಂಡ್ ಬೇಗವಾದರೂ ಅಷ್ಟಕ್ಕೆ ಕಡಿಮೆಯಿಲ್ಲದ ವೇಗದಲ್ಲಿ ಮೇಲೇರುತ್ತಿರುತ್ತದೆ. ಸೀಳು ಮಾತ್ರ ನೋಡಿ ಬೇಗವೋ ತಡವೋ ಹೇಳಲಾಗದು. ಚಿತ್ರೀಕರಣದಲ್ಲಿ ಆ ಕ್ಷಣ ಮೂತಿ ಮೇಲಿತ್ತೇ ಕೆಳಗಿತ್ತೇ ಎಂದು ನೋಡಬೇಕು. ಮೂತಿ ಮೇಲಿದ್ದರೆ ಸಿ6-3ರ ಬದಲು ಸಿ6-5, ಕೆಳಗಿದ್ದರೆ ಸಿ6-7ರ ಬದಲು ಸಿ6-5 ಹೀಗೆ ಒಂದೊಂದೇ ಮೆಟ್ಟಿಲು ಬದಲಿಸಬೇಕು. ಆದರೆ ರಾಕೆಟ್ ಗಾಳಿಗೆ ಬಾಗಿ ಹೋಗಿದ್ದರೆ ವಿಳಂಬ ಬದಲಿಸಬೇಡಿ, ಮೊದಲು ಬಾಗುವಿಕೆಯನ್ನು ಸರಿಪಡಿಸಿ. ಕಾರ್ಡ್ ರಾಕೆಟ್‌ನ ಎರಡು ಮೂರು ಪಟ್ಟು ಉದ್ದವಿದ್ದರೆ ಸಣ್ಣಪುಟ್ಟ ವ್ಯತ್ಯಾಸಗಳನ್ನು ತಾಳಿಕೊಳ್ಳುತ್ತದೆ.

ಎಲ್ಲವೂ ಸರಿಯಾಗಿದ್ದು ರಾಕೆಟ್ ಉದ್ಯಾನದ ಗಡಿ ದಾಟಿ ಹೋಗುತ್ತಿದ್ದರೆ ಪ್ಯಾರಾಚೂಟ್ ದೊಡ್ಡದಾಗಿದೆ. 100 ಮೀಟರ್ ಎತ್ತರದಿಂದ ಸೆಕೆಂಡಿಗೆ 4 ಮೀಟರ್‌ನಂತೆ ಇಳಿಯುವುದಕ್ಕೆ 25 ಸೆಕೆಂಡ್ ಬೇಕು. ಅಷ್ಟರಲ್ಲಿ ಅದೇ ವೇಗದ ಗಾಳಿ ಅದನ್ನು 100 ಮೀಟರ್ ಒಯ್ದಿರುತ್ತದೆ. ಹಾಳೆಯ ನಡುವೆ ತೂತು ಕತ್ತರಿಸಬಹುದು, ಹಗುರ ರಾಕೆಟ್‌ಗೆ ಉದ್ದನೆಯ ಪಟ್ಟಿ ಕಟ್ಟಬಹುದು, ಅಥವಾ ಮೋಟಾರಿನ ವರ್ಗವನ್ನೇ ಇಳಿಸಬಹುದು. ಸುರಕ್ಷತಾ ಸಂಹಿತೆಯ ಪ್ರಕಾರ ಬಯಲಿನ ಕಿರಿದಾದ ಬದಿ ಎ ಮೋಟಾರಿಗೆ ಕನಿಷ್ಠ 30 ಮೀಟರ್, ಬಿಗೆ 60, ಸಿಗೆ 120 ಇರಬೇಕು. ಉದ್ಯಾನ ಚಿಕ್ಕದಾದರೆ ಮೋಟಾರೂ ಚಿಕ್ಕದಾಗಬೇಕು. ವಿದ್ಯುತ್ ತಂತಿಗೆ ಸಿಕ್ಕಿದ ರಾಕೆಟನ್ನು ಕೋಲು ಹಿಡಿದು ತೆಗೆಯಲು ಹೋಗಬಾರದು, ಅದನ್ನು ಅಲ್ಲಿಗೇ ಬಿಡಬೇಕು.

ಪೀಠದ ಮೇಲೆಯೇ ಸಿಡಿದಾಗ

ಇದು ಮೋಟಾರಿನದೇ ದೋಷವಾದ ಅಪರೂಪದ ಸಂದರ್ಭ. ಗಟ್ಟಿ ಸದ್ದಿನೊಂದಿಗೆ ನಾಜಲ್ ಉದುರಿಹೋಗಿರುತ್ತದೆ, ಅಥವಾ ಖೋಲಿನ ಎರಡೂ ತುದಿ ತೆರೆದು ಜ್ವಾಲೆ ಮೂತಿಯ ಕಡೆಗೆ ನುಗ್ಗಿರುತ್ತದೆ. ಮೋಟಾರ್ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಕಾದು, ರಾತ್ರಿ ತಣಿದು, ಮತ್ತೆ ಕಾದಾಗ ಕಾಗದವೂ ಮದ್ದೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗಿ ಅವುಗಳ ನಡುವೆ ಬಿರುಕು ಬಿಡುತ್ತದೆ. ಗಟ್ಟಿ ನೆಲಕ್ಕೆ ಬಿದ್ದರೆ ಮದ್ದಿನ ಕಡ್ಡಿಯೇ ಬಿರಿಯಬಹುದು. ಆ ಬಿರುಕಿನೊಳಕ್ಕೆ ಜ್ವಾಲೆ ನುಗ್ಗಿದಾಗ ಒಂದೇ ಸಲ ಉರಿಯುವ ಮೈ ಹೆಚ್ಚಿ, ಖೋಲು ತಾಳಲಾರದ ಒತ್ತಡ ಹುಟ್ಟುತ್ತದೆ. ಬಿರುಕು ಹೊರಗೆ ಕಾಣದಿರುವುದರಿಂದ ಪರೀಕ್ಷಿಸಿ ತಿಳಿಯುವ ದಾರಿಯಿಲ್ಲ. ಮೋಟಾರ್‌ಗಳನ್ನು ಮನೆಯೊಳಗೆ, ಬೆಂಕಿಯಿಂದ ದೂರ, ಒಂದೇ ಹದದ ತಣ್ಣನೆಯ ಒಣ ಜಾಗದಲ್ಲಿಟ್ಟು, ಬಯಲಿಗೆ ಒಯ್ಯುವಾಗ ನೆರಳಿನಲ್ಲಿಡುವುದೇ ಇದಕ್ಕಿರುವ ನಿವಾರಣೆ. ಒಂದು ಪೊಟ್ಟಣದ ಮೋಟಾರ್ ಹೀಗೆ ಸಿಡಿದರೆ ಅದೇ ಪೊಟ್ಟಣದ ಉಳಿದವೂ ಅದೇ ಬಿಸಿಲನ್ನು ಕಂಡಿರುತ್ತವೆ, ಆದ್ದರಿಂದ ಅವನ್ನೂ ಹಾರಿಸಬಾರದು. ಅಂಥವನ್ನು ಬಿಚ್ಚಲು, ಕೊರೆಯಲು ಹೋಗದೆ, ಕಾಗದದ ಖೋಲು ತಾನಾಗಿ ಬಿಟ್ಟುಕೊಂಡು ಮದ್ದು ಕೆಸರಾಗುವವರೆಗೆ ಬಕೆಟ್ ನೀರಿನಲ್ಲಿ ನೆನೆಹಾಕಿ ವಿಲೇವಾರಿ ಮಾಡಬೇಕು.